ಹಾಲು ಕೆಡದಿರಲಿ

ಬೆಳಿಗ್ಗೆ ಎದ್ದು ಹಾಲು ಕರೆದಿರಿ. ಡೇರಿಗೆ ತಂದಿರಿ. "ಈ ಹಾಲು ಬೇಡಮ್ಮ, ವಾಪಸ್ ತಗೊಂಡ್ಹೋಗು" ಅಂದರೆ? ಹೊತ್ತಿನ ದುಡಿಮೆಯೇ ಹೋಯಿತು, ಅಲ್ಲವೇ?

ಹಾಲು ಯಾಕೆ ಕೆಡುತ್ತೆ?

ಕಣ್ಣಿಗೆ ಕಾಣದ ಜೀವಾಣುಗಳಿಂದ. ಕೊಳಕು ಕೈ, ಸಗಣಿ ಮೆತ್ತಿದ ಕೆಚ್ಚಲು, ಸರಿಯಾಗಿ ತೊಳೆಯದ ಪಾತ್ರೆ ಇವೇ ಅವುಗಳ ದಾರಿ. ಅರ್ಧ ಗಂಟೆಗೆ ಒಂದು ಎರಡಾದರೆ, 5 ಗಂಟೆಗೆ ಒಂದು ಸಾವಿರ ದಾಟುತ್ತೆ!

ಡೇರಿಯ ಶೀತಲ ಯಂತ್ರದಲ್ಲಿ ಹಾಲನ್ನು 4 ಡಿಗ್ರಿಗೆ ತಂಪು ಮಾಡುತ್ತಾರೆ. ತಂಪಿನಲ್ಲಿ ಜೀವಾಣು ಬೆಳೆಯುವುದು ನಿಧಾನ. ಆದರೆ ಸಾಯುವುದಿಲ್ಲ. ಆದ್ದರಿಂದ ಶುಚಿ ಮನೆಯಲ್ಲೇ ಶುರುವಾಗಬೇಕು.

ನಾವು ಏನು ಮಾಡಬೇಕು?

1. ಕೈ ತೊಳೆಯಿರಿ. ಕೆಚ್ಚಲು ತೊಳೆದು ಒಣಬಟ್ಟೆಯಿಂದ ಒರೆಸಿ. ಒದ್ದೆ ಕೈಯಲ್ಲಿ ಕರೆಯಬೇಡಿ.

2. ಮೊದಲ ನಾಲ್ಕು ಧಾರೆ ಬೇರೆ ಬಟ್ಟಲಿಗೆ ಹಿಂಡಿ ನೋಡಿ. ಗರಣೆ, ರಕ್ತ ಕಂಡರೆ ಕೆಚ್ಚಲು ಬಾವು ಇರಬಹುದು. ಡಾಕ್ಟರಿಗೆ ತೋರಿಸಿ. ಆ ಹಾಲನ್ನು ಬೆರೆಸಬೇಡಿ.

3. ಸ್ಟೀಲು ಪಾತ್ರೆ ಬಳಸಿ. ತೊಳೆದು ಬಿಸಿಲಲ್ಲಿ ಬೋರಲು ಹಾಕಿ.

4. ಕರೆದ ಮೇಲೆ ಹಸುವಿಗೆ ಮೇವು ಹಾಕಿ. ಅರ್ಧ ಗಂಟೆ ನಿಂತಿರಲಿ. ಆಗ ಮೊಲೆಯ ತೂತು ತೆರೆದಿರುತ್ತೆ. ಕೂಡಲೇ ಮಲಗಿದರೆ ಕೊಳಕು ಒಳಗೆ ಹೋಗುತ್ತೆ.

5. ಹಸುವಿಗೆ ಔಷಧಿ ಕೊಡಿಸಿದ್ದೀರಾ? ಡಾಕ್ಟರು ಹೇಳಿದಷ್ಟು ದಿನ ಆ ಹಾಲು ಡೇರಿಗೆ ಹಾಕಬೇಡಿ. ಔಷಧಿ ಹಾಲಿನಲ್ಲೂ ಬರುತ್ತೆ. ಕಾಯಿಸಿದರೂ ಪೂರ್ತಿ ಹೋಗಲ್ಲ.

6. ನೀರು, ಸೋಡಾ ಬೆರೆಸಬೇಡಿ. ಕರೆದ ಹಾಲನ್ನು ಬೇಗ ಡೇರಿಗೆ ಮುಟ್ಟಿಸಿ.

ಡೇರಿಯಲ್ಲಿ ಎಲ್ಲರ ಹಾಲೂ ಒಂದೇ ಕಡೆ ಸೇರುತ್ತೆ. ಒಬ್ಬರ ಹಾಲು ಕೆಟ್ಟರೆ ಊರಿನ ಹಾಲೇ ಕೆಡಬಹುದು. ಆ ಹಾಲನ್ನು ಕುಡಿಯುವವರಲ್ಲಿ ಮಕ್ಕಳೂ ಇದ್ದಾರೆ.

ಶುಚಿಯಾದ ಹಾಲು, ಕೈತುಂಬ ಕಾಸು.