ಮೇಜಿಗೆ ಮುಟ್ಟದ ಬಿಲ್ಲೆ

ಹಳೆಯ ಎಂಟಾಣೆಯಷ್ಟಗಲದ ಬಿಲ್ಲೆ ಅದು. ಅಂಗೈಯಲ್ಲಿಟ್ಟರೆ ಮಾತ್ರ ಅದಕ್ಕಿಂತ ಭಾರ. ಸೀಸದ್ದು. ನಾಲ್ಕೂ ಮೂಲೆ ಕತ್ತರಿಸಿದ ಚೌಕ. ಒಂದು ಬದಿಯಲ್ಲಿ ಸಭೆಯ ಹೆಸರು ಸವೆದು ಹೋಗಿದೆ. ಇನ್ನೊಂದು ಬದಿಯಲ್ಲಿ ಬೈಬಲಿನ ಒಂದು ವಚನದ ಸಂಖ್ಯೆ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ, 11ನೇ ಅಧ್ಯಾಯ, 28. ಪ್ರತಿಯೊಬ್ಬನೂ ಮೊದಲು ತನ್ನನ್ನು ತಾನೇ ಪರೀಕ್ಷಿಸಿಕೊಂಡು ಆಮೇಲೆ ರೊಟ್ಟಿ ತೆಗೆದುಕೊಳ್ಳಲಿ ಎಂದು ಪೌಲನು ಹೇಳುವ ಜಾಗ ಅದು.

"ಇದು ನನ್ನ ತಾಯಿಯದು. ಮೇಜಿಗೆ ಮುಟ್ಟಬೇಕಾಗಿತ್ತು, ಮುಟ್ಟಲಿಲ್ಲ" ಎಂದರು ಅಜ್ಜ. ಗುಂಡಿಗಳನ್ನು ಹಾಕಿಡುವ ತಗಡಿನ ಡಬ್ಬಿಯಿಂದ ಅದನ್ನು ತೆಗೆದು ನನ್ನ ಕೈಗಿಟ್ಟಿದ್ದರು. ಆ ಡಬ್ಬಿಯ ಮುಚ್ಚಳ ಮುಚ್ಚುವಷ್ಟರಲ್ಲಿ ನಾನು ಬಂದ ಕೆಲಸವೇ ಬದಲಾಯಿತು.

ನಾನು ಬಂದದ್ದು ಸ್ಕಾಟ್ಲೆಂಡಿನ ವಾಯವ್ಯಕ್ಕಿರುವ ಲೂಯಿಸ್ ದ್ವೀಪದ ಐದು ದಿನಗಳ ರಾತ್ರಿಭೋಜನ ಸಂಸ್ಕಾರ ನೋಡಲಿಕ್ಕೆ. ನನ್ನ ಅಕ್ಕ ಇನ್ವರ್ನೆಸ್‌ನಲ್ಲಿ ನರ್ಸ್. ಅವಳ ಜೊತೆ ಕೆಲಸ ಮಾಡುವ ಹೆಂಗಸಿನ ತಂದೆ ಈ ಅಜ್ಜ. ಉಲ್ಲಾಪೂಲ್ ಬಂದರಿನಲ್ಲಿ ಹಡಗು ಹತ್ತಿದರೆ ಸುಮಾರು ಎರಡೂವರೆ ಗಂಟೆಗೆ ಸ್ಟೋರ್ನೊವೇ. ಅಲ್ಲಿಂದ ಮರಗಳೇ ಇಲ್ಲದ ಜೌಗುನೆಲ ದಾಟಿ ಪಶ್ಚಿಮ ತೀರದ ಹಳ್ಳಿ. ಅಜ್ಜನಿಗೆ ಎಂಬತ್ತು ದಾಟಿದೆ. ಬದುಕಿಡೀ ಹ್ಯಾರಿಸ್ ಟ್ವೀಡ್ ನೇಯ್ದವರು. ಆ ಉಣ್ಣೆಬಟ್ಟೆಯನ್ನು ದ್ವೀಪದವರು ತಮ್ಮ ಮನೆಯಲ್ಲೇ ನೇಯಬೇಕು ಎಂಬುದು ಈಗ ಕಾನೂನು. ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ಅವರ ತುಳಿಮಗ್ಗ ಇನ್ನೂ ನಿಂತಿದೆ.

ಅಲ್ಲಿಯ ಸಭೆಗಳು ಪ್ರೆಸ್ಬಿಟೇರಿಯನ್. ಹಾಗೆಂದರೆ ಬಿಷಪರಿಲ್ಲದ, ಸಭಾಪಾಲಕರೂ ಆರಿಸಿದ ಹಿರಿಯರೂ ಕೂಡಿ ನಡೆಸುವ ಸಭೆ. ನಮ್ಮಲ್ಲಿ ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚನ್ನು 1860ರ ದಶಕದಲ್ಲಿ ಕಟ್ಟಿಕೊಂಡವರು ಈ ಸ್ಕಾಟರೇ. ಈಗ ಅದು ದಕ್ಷಿಣ ಭಾರತ ಸಭೆಗೆ, ಅಂದರೆ ಸಿ.ಎಸ್.ಐ.ಗೆ ಸೇರಿದೆ. ನಾನು ಕರಾವಳಿಯ ಬಾಸೆಲ್ ಮಿಶನ್ ಮನೆತನದವಳು. ನಮಗೆ ಸಂಸ್ಕಾರವೆಂದರೆ ತಿಂಗಳಿಗೊಮ್ಮೆ, ಆರಾಧನೆಯ ಕೊನೆಯ ಅರ್ಧ ಗಂಟೆ. ಲೂಯಿಸ್‌ನಲ್ಲಿ ಒಂದು ಸಭೆಗೆ ವರ್ಷಕ್ಕೆ ಎರಡೇ ಸಲ. ಒಂದೊಂದು ಸಲವೂ ಗುರುವಾರದಿಂದ ಸೋಮವಾರದ ತನಕ. ರೊಟ್ಟಿ ಮುರಿದು ಪಾತ್ರೆ ಹಂಚಿಕೊಳ್ಳುವುದು ಭಾನುವಾರದ ಒಂದೇ ಹೊತ್ತು. ಮಿಕ್ಕದ್ದೆಲ್ಲ ಅದರ ತಯಾರಿ, ಆಮೇಲೆ ಅದರ ಕೃತಜ್ಞತೆ.

ಸಿಕ್ಕಸಿಕ್ಕವರು ಸಂಸ್ಕಾರದ ಮೇಜಿಗೆ ಬರಬಾರದು, ಅದಕ್ಕೊಂದು ಗುರುತು ಬೇಕು ಎಂದು ಧರ್ಮಸುಧಾರಕ ಜಾನ್ ಕ್ಯಾಲ್ವಿನ್ 1560ರಲ್ಲಿ ಜಿನೀವಾದ ನಗರಸಭೆಗೆ ಸೂಚಿಸಿದ್ದ. ಅವರು ಒಪ್ಪಲಿಲ್ಲ. ಸ್ಕಾಟರು ಅದೇ ಕಾಲದಿಂದ ಬಿಲ್ಲೆಯನ್ನು ಬಳಕೆಗೆ ತಂದರು. ಸಭಾಪಾಲಕರೂ ಹಿರಿಯರೂ ಮನೆಮನೆಗೆ ಹೋಗಿ ಜನರನ್ನು ಪ್ರಶ್ನೆ ಕೇಳುವರು. ಸಮಾಧಾನವಾದರೆ ಬಿಲ್ಲೆ. ಭಾನುವಾರ ಅದನ್ನು ಹಿರಿಯರ ಕೈಗೆ ಒಪ್ಪಿಸಿದವರಿಗೆ ಮೇಜಿನಲ್ಲಿ ಜಾಗ. ಮೊದಲಿಗೆ ಸೀಸವನ್ನು ಊರಲ್ಲೇ ಅಚ್ಚಿಗೆ ಹೊಯ್ದುಕೊಳ್ಳುತ್ತಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಹಲವು ಕಡೆ ಕಾಗದದ ಕಾರ್ಡು ಬಂತು. ಈಗ ಸಂಗ್ರಾಹಕರು ಈ ಬಿಲ್ಲೆಗಳನ್ನು ನಾಣ್ಯಗಳಂತೆ ಜೋಡಿಸಿಡುತ್ತಾರೆ.

ಸಂಸ್ಕಾರದ ಆ ದಿನಗಳಿಗೆ ಜನ ಸೇರುತ್ತಿದ್ದ ಬಗೆ ನಮ್ಮ ಜಾತ್ರೆಗಳನ್ನು ನೆನಪಿಸುತ್ತದೆ. 1630ರಲ್ಲಿ ಶಾಟ್ಸ್ ಎಂಬ ಊರಲ್ಲಿ ಸಂಸ್ಕಾರದ ಮರುದಿನದ ಸೋಮವಾರ ಜಾನ್ ಲಿವಿಂಗ್‌ಸ್ಟನ್ ಎಂಬ ಯುವಕ ಮಾಡಿದ ಪ್ರಸಂಗದಿಂದ ಐನೂರು ಮಂದಿಯ ಬದುಕು ತಿರುಗಿತೆಂದು ಹೇಳುತ್ತಾರೆ. ಸೋಮವಾರದ ಕೃತಜ್ಞತಾ ಆರಾಧನೆ ಸ್ಕಾಟ್ಲೆಂಡಿನಲ್ಲಿ ಬೇರೂರಿದ್ದೂ ಅದರಿಂದಲೇ ಅಂತೆ. 1742ರಲ್ಲಿ ಗ್ಲಾಸ್ಗೋ ಪಕ್ಕದ ಕ್ಯಾಂಬಸ್‌ಲ್ಯಾಂಗ್‌ನಲ್ಲಿ ಪ್ರಸಂಗಕಾರ ಜಾರ್ಜ್ ವಿಟ್‌ಫೀಲ್ಡ್ ಬಂದಾಗ ಬಯಲಲ್ಲೇ ಮೇಜು ಹಾಕಿದರು. ಹತ್ತಾರು ಸಾವಿರ ಜನ ನೆರೆದಿದ್ದರು, ಮೇಜಿಗೆ ಬಂದವರು ಮೂರು ಸಾವಿರದಷ್ಟು. ಅಮೆರಿಕಕ್ಕೆ ವಲಸೆ ಹೋದವರು ಈ ವಾಡಿಕೆಯನ್ನೂ ಕೊಂಡೊಯ್ದರು. 1801ರಲ್ಲಿ ಕೆಂಟಕಿಯ ಕೇನ್ ರಿಜ್‌ನಲ್ಲಿ ನಡೆದ ಹೆಸರಾಂತ ಮಹಾಕೂಟ ಮೂಲದಲ್ಲಿ ಇಂಥದೇ ಒಂದು ಸಂಸ್ಕಾರದ ವಾರಾಂತ್ಯ.

ಲೂಯಿಸ್‌ನಲ್ಲಿ ಗುರುವಾರ ಉಪವಾಸದ ದಿನ. ಅಂಗಡಿ ಬಾಗಿಲು, ಮಗ್ಗ ಎಲ್ಲ ಭಾನುವಾರದಂತೆ ನಿಲ್ಲುತ್ತಿದ್ದವು. ಶನಿವಾರ ತಯಾರಿಯ ದಿನ. ಬಿಲ್ಲೆ ಕೊಡುತ್ತಿದ್ದುದೂ ಅಂದೇ. ಅಡುಗೆಮನೆಯಲ್ಲಿ ಮರುದಿನದ ಆಲೂಗೆಡ್ಡೆಯ ಸಿಪ್ಪೆಯನ್ನೂ ಹಿಂದಿನ ರಾತ್ರಿಯೇ ಸುಲಿದಿಡಬೇಕು. ಹೊರಗಿನ ಹಳ್ಳಿಗಳಿಂದ ನೆಂಟರು, ನೆಂಟರ ನೆಂಟರು, ಪರಿಚಯವಿಲ್ಲದವರು ಸಹ ಬಂದು ಉಳಿಯುವರು. ಅಜ್ಜನ ಮನೆಯ ಎರಡು ಕೋಣೆಗಳಲ್ಲಿ ಒಮ್ಮೆ ಹತ್ತೊಂಬತ್ತು ಮಂದಿ ಮಲಗಿದ್ದರಂತೆ.

ಶುಕ್ರವಾರ ಮಾತ್ರ ಬೇರೆಲ್ಲೂ ಕಾಣದಂಥದ್ದು. ಗೇಲಿಕ್ ಭಾಷೆಯಲ್ಲಿ 'ಲಾ ನ ಕೇಶ್ಚ್', ಪ್ರಶ್ನೆಯ ದಿನ. ಅಂದು ಮಾತು ಸಭಾಪಾಲಕರದಲ್ಲ, ಸಾಮಾನ್ಯರದು. ಯಾರಾದರೂ ಒಬ್ಬ ಎದ್ದು ಬೈಬಲಿನ ಒಂದು ವಚನ ಹೇಳಿ ಕೇಳುತ್ತಾನೆ: ನಿಜವಾದ ಭಕ್ತನ ಗುರುತೇನು, ಭಕ್ತನಂತೆ ಕಾಣುವವನ ಗುರುತೇನು? ಆಮೇಲೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಾರೆ. ಮೀನುಗಾರ, ಕುರಿ ಸಾಕುವವನು, ನೇಕಾರ ಎದ್ದು ನಿಂತು ತನ್ನ ಬದುಕಿನಲ್ಲಿ ಕಂಡದ್ದನ್ನು ಹೇಳುತ್ತಾನೆ. ಓದಿದ್ದನ್ನು ಹೇಳುವಂತಿಲ್ಲ. ಪುರುಷರು ಮಾತ್ರ ಮಾತನಾಡುವುದು, ಹೆಂಗಸರು ಕೇಳುವುದು. ಅದು ನನಗೆ ನೋವು ತಂದಿತು. ಅಜ್ಜನಿಗೂ ನೋವಿದೆ ಎಂದು ಆಮೇಲೆ ತಿಳಿಯಿತು. "ಆ ದಿನ ಮಾತಾಡಬೇಕಾದವಳು ನನ್ನ ತಾಯಿ" ಎಂದರು.

ಅವರಿಗೆ ಆಗ ಎಂಟು ವರ್ಷ. ತಾಯಿ ಹಿರಿಯರ ಮುಂದೆ ಹೋಗಿ ಬಂದಳು. ಶನಿವಾರ ಬಿಲ್ಲೆ ಸಿಕ್ಕಿತು. ರಾತ್ರಿಯೆಲ್ಲ ಒಲೆಯ ಮುಂದೆ ಅದನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು, ಬೆಳಿಗ್ಗೆ ಅಂಗೈಯಲ್ಲಿ ಚೌಕದ ಗುರುತು ಮೂಡಿತ್ತು ಎಂಬುದು ಅವರಿಗೆ ಚೆನ್ನಾಗಿ ನೆನಪಿದೆ. ಭಾನುವಾರ ಸಂಸ್ಕಾರಕ್ಕೆ ಮುಂಚೆ 'ಮೇಜಿಗೆ ಬೇಲಿ ಹಾಕುವ' ಪ್ರಸಂಗವಿರುತ್ತದೆ. ಇಂಥಿಂಥವರು ಬರಬಾರದು, ಇಂಥವರು ಬರಬೇಕು ಎಂದು ಸಭಾಪಾಲಕರು ವಿವರಿಸುತ್ತಾರೆ. ಅದರಲ್ಲಿ ಯಾವ ಮಾತು ತಾಗಿತೋ, ಅವಳು ಏಳಲಿಲ್ಲ. ಮರುವಾರ ಹಿರಿಯರೊಬ್ಬರು ಬಿಲ್ಲೆ ಕೇಳಲು ಬಂದರು. "ಇನ್ನೊಂದು ಸಲಕ್ಕೆ ನಾನೇ ತರುತ್ತೇನೆ" ಎಂದಳಂತೆ. ಆಮೇಲೆ ಮೂವತ್ತು ವರ್ಷ ಬದುಕಿದಳು. ಒಂದು ಆರಾಧನೆಯನ್ನೂ ತಪ್ಪಿಸಲಿಲ್ಲ. ಸಂಸ್ಕಾರಕ್ಕೆ ಬಂದವರಿಗೆ ಹಾಸಿಗೆ ಹಾಸಿ ಉಣಬಡಿಸಿದಳು. ಮೇಜಿಗೆ ಮಾತ್ರ ಹೋಗಲಿಲ್ಲ. ಅವಳು ತೀರಿಕೊಂಡ ಮೇಲೆ ಗುಂಡಿ ಡಬ್ಬಿಯಲ್ಲಿ ಇದು ಸಿಕ್ಕಿತು.

ಇದು ಒಬ್ಬಳ ಕಥೆಯಲ್ಲ. ಆ ದ್ವೀಪಗಳಲ್ಲಿ ಬದುಕಿಡೀ ಚರ್ಚಿಗೆ ಬಂದು ಮೇಜಿಗೆ ಒಮ್ಮೆಯೂ ಹೋಗದೆ ಸತ್ತವರು ಬಹಳ. ಮೇಜಿಗೆ ಹೋಗುವುದಕ್ಕೆ ಅವರಲ್ಲಿರುವ ಮಾತೇ 'ಮುಂದೆ ಹೋಗುವುದು'. ಯೋಗ್ಯತೆಯಿಲ್ಲದೆ ತಿಂದವನು ತನಗೇ ತೀರ್ಪು ತಂದುಕೊಳ್ಳುತ್ತಾನೆ ಎಂದು ಪೌಲನು ಹೇಳುವ ಎಚ್ಚರಿಕೆ ಅವರ ಎದೆಯಲ್ಲಿ ಅಷ್ಟು ಆಳಕ್ಕಿಳಿದಿದೆ. ಆದರೆ ಅವರದೇ ಪುಸ್ತಕ ಬೇರೆ ಮಾತನ್ನೂ ಹೇಳುತ್ತದೆ. 1640ರ ದಶಕದಲ್ಲಿ ವೆಸ್ಟ್‌ಮಿನ್ಸ್ಟರಿನಲ್ಲಿ ಸೇರಿದ ಪಂಡಿತರು ಬರೆದ ದೊಡ್ಡ ಪ್ರಶ್ನೋತ್ತರಿಯಲ್ಲಿ 171ನೆಯದು ತಯಾರಿಯ ಪ್ರಶ್ನೆ. ತನ್ನ ಪಾಪವನ್ನೂ ಕೊರತೆಗಳನ್ನೂ ತೂಗಿ ನೋಡಬೇಕು, ನಂಬಿಕೆ ಎಷ್ಟು ನಿಜ, ಪಶ್ಚಾತ್ತಾಪ ಎಷ್ಟು ನಿಜ ಎಂದು ಕೇಳಿಕೊಳ್ಳಬೇಕು, ತನಗೆ ಕೇಡು ಮಾಡಿದವರನ್ನು ಕ್ಷಮಿಸಬೇಕು, ಧ್ಯಾನಿಸಬೇಕು, ಪ್ರಾರ್ಥಿಸಬೇಕು. ಅದರ ಮರು ಪ್ರಶ್ನೆ 172, ತನ್ನ ತಯಾರಿಯ ಬಗ್ಗೆಯೇ ಸಂಶಯವಿರುವವನು ಬರಬಹುದೇ? ತನ್ನ ಕೊರತೆಗಾಗಿ ನಿಜವಾಗಿ ಮರುಗುವವನು, ಕ್ರಿಸ್ತನನ್ನು ಬಯಸುವವನು ಬರಬಹುದು, ಬರಲೇಬೇಕು, ಅವನ ಬಲಹೀನತೆಗೆ ಬಲ ಸಿಗಲೆಂದೇ ಈ ಊಟ ಎಂಬುದು ಉತ್ತರದ ಸಾರ. ಅಜ್ಜ ಮೊದಲನೆಯದನ್ನು ಬಾಲ್ಯದಲ್ಲೇ ಬಾಯಿಪಾಠ ಮಾಡಿದ್ದರು. ಎರಡನೆಯದು ಕಣ್ಣಿಗೆ ಬಿದ್ದದ್ದು ಐವತ್ತು ದಾಟಿದ ಮೇಲೆ.

ಎಡಿನ್‌ಬರೋದಲ್ಲಿ ಹೀಬ್ರೂ ಪ್ರಾಧ್ಯಾಪಕರಾಗಿದ್ದ ಜಾನ್ ಡಂಕನ್ (1796–1870) ಬಗ್ಗೆ ಒಂದು ಕಥೆ ಆ ನಾಡಿನಲ್ಲೆಲ್ಲ ಪ್ರಚಲಿತ. ಜನ ಅವರನ್ನು 'ರಬ್ಬಿ' ಡಂಕನ್ ಎನ್ನುತ್ತಿದ್ದರು. ಮೇಜಿನ ಬಳಿ ಒಬ್ಬಳು ಅಳುತ್ತಾ ಪಾತ್ರೆಯನ್ನು ಮುಟ್ಟಲು ಅಂಜಿದಾಗ ಅವರು ಅದನ್ನು ಅವಳ ಕಡೆ ಚಾಚಿ, ತಗೋ ತಾಯಿ, ಇದು ಪಾಪಿಗಳಿಗಾಗಿಯೇ ಇರುವುದು ಎಂಬರ್ಥದ ಮಾತು ಹೇಳಿದರಂತೆ. ಕಥೆ ಮುಗಿಸಿ ಅಜ್ಜ ಬಹಳ ಹೊತ್ತು ಕಿಟಕಿ ನೋಡುತ್ತಾ ಕೂತರು. "ಆ ಭಾನುವಾರ ಅಮ್ಮನ ಪಕ್ಕ ಅಂಥವರೊಬ್ಬರು ಇರಬೇಕಿತ್ತು."

ಅಜ್ಜ ತಾವು ಮುಂದೆ ಹೋದದ್ದು ಅರವತ್ತೆರಡನೇ ವಯಸ್ಸಿಗೆ. ಹಿರಿಯರ ಮುಂದೆ ಸಿದ್ಧಾಂತದ ಪ್ರಶ್ನೆ ಬರುತ್ತದೆಂದು ವಾರಗಟ್ಟಲೆ ಓದಿದ್ದರು. ಕಾಡಿದ್ದು ಬೇರೆಯೇ. ಅವರಿಗೂ ತಮ್ಮನಿಗೂ ಹನ್ನೊಂದು ವರ್ಷ ಮಾತಿರಲಿಲ್ಲ. ಒಲೆಗೆ ಬೇಕಾದ ಜೌಗುಮಣ್ಣಿನ ಹೆಂಟೆ ಕಡಿಯುವ ಒಂದು ತುಂಡು ನೆಲ ಅಪ್ಪ ಯಾರಿಗೆ ಬಿಟ್ಟುಹೋದರು ಎಂಬ ಜಗಳ. ಒಂದೇ ರಸ್ತೆಯ ಆಚೆ ಈಚೆ ಮನೆ. ಪ್ರಶ್ನೆಯ ದಿನ ಮುಗಿದ ಸಂಜೆ ಅವರು ರಸ್ತೆ ದಾಟಿದರು. ಹಿತ್ತಲ ಮೆಟ್ಟಿಲ ಮೇಲೆ ತಮ್ಮ ಕೂತು ಹೆರಿಂಗ್ ಮೀನು ಶುಚಿ ಮಾಡುತ್ತಿದ್ದ. ಹೆರಿಂಗ್ ನಮ್ಮ ಬೂತಾಯಿಯ ಬಳಗದ್ದೇ. ಅಣ್ಣನನ್ನು ಕಂಡು ಅವನು ಏಳಲಿಲ್ಲ, ಮಾತೂ ಆಡಲಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿದು ಮೆಟ್ಟಿಲ ಮೇಲೆ ಜಾಗ ಮಾಡಿಕೊಟ್ಟ. ಇನ್ನೊಂದು ಚೂರಿ ಕೈಗೆ ಕೊಟ್ಟ. ಬಕೆಟ್ ಖಾಲಿಯಾಗುವ ತನಕ ಇಬ್ಬರೂ ಮೀನು ಕೊಯ್ದರು. "ಅದೇ ನನ್ನ ತಯಾರಿ. ಕೈ ಮೀನು ನಾರುತ್ತಿತ್ತು" ಎಂದರು.

ನನಗೆ ನಮ್ಮ ಅಜ್ಜಿ ನೆನಪಾದಳು. ಸಂಸ್ಕಾರದ ಹಿಂದಿನ ಸಂಜೆ ಅವಳು ಸೆರಗು ಸರಿಮಾಡಿಕೊಂಡು, ಬಾವಿಯ ನೀರಿಗೋ ಕೋಳಿಗೋ ಜಗಳವಾಡಿದ್ದ ಪಕ್ಕದ ಮನೆಗೆ ಹೋಗಿ, ಒಂದು ಲೋಟ ಕಾಫಿ ಕುಡಿದು ಬರುತ್ತಿದ್ದಳು. ಏನು ಮಾತಾಡಿದಳೆಂದು ಯಾರೂ ಕೇಳುತ್ತಿರಲಿಲ್ಲ. ಶನಿವಾರದ ಸಿದ್ಧತಾ ಆರಾಧನೆ ನಮ್ಮ ಸಭೆಯಲ್ಲಿ ಯಾವಾಗ ನಿಂತಿತು ಎಂದು ಯೋಚಿಸಿದೆ. ನಿಂತದ್ದು ನಮಗೆ ಯಾರಿಗೂ ಗೊತ್ತಾಗಲೇ ಇಲ್ಲ.

ಅಲ್ಲಿಯೂ ಈ ವಾಡಿಕೆ ಸವೆಯುತ್ತಿದೆ. ಸ್ಕಾಟ್ಲೆಂಡಿನ ಪಟ್ಟಣಗಳಲ್ಲಿ ಉಪವಾಸದ ಗುರುವಾರ ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೇ ರೈಲು ಹತ್ತಿ ಪ್ರವಾಸ ಹೋಗುವ ರಜೆಯಾಗಿಬಿಟ್ಟಿತ್ತು. ದ್ವೀಪಗಳಲ್ಲಿ ಉಳಿದುಕೊಂಡಿತು. ಅಲ್ಲೂ ಬಿಗಿ ಸಡಿಲಾಗುತ್ತಾ 2009ರ ಜುಲೈನಲ್ಲಿ ಸ್ಟೋರ್ನೊವೇಯಿಂದ ಭಾನುವಾರದ ಹಡಗು ಶುರುವಾಯಿತು. ಈಗ ಹಲವು ಸಭೆಗಳಲ್ಲಿ ಐದು ದಿನ ಮೂರಾಗಿದೆ. ಗೇಲಿಕ್ ಆರಾಧನೆ ಕಡಿಮೆಯಾಗಿ ಇಂಗ್ಲಿಷ್ ಹೆಚ್ಚಿದೆ. ವರ್ಷಕ್ಕೆರಡು ಸಲ ಸಾಲದು, ಪದೇ ಪದೇ ಸಂಸ್ಕಾರ ಬೇಕು ಎನ್ನುವ ಎಳೆಯರ ಮಾತಿನಲ್ಲೂ ಹುರುಳಿದೆ. ಅಪರೂಪವಾದಷ್ಟೂ ಭಯ ಹೆಚ್ಚುತ್ತದೆ ಎಂಬುದಕ್ಕೆ ಗುಂಡಿ ಡಬ್ಬಿಯೇ ಸಾಕ್ಷಿ. ಆದರೆ ಆ ರಸ್ತೆ ದಾಟುವ ಶುಕ್ರವಾರ ಸಂಜೆಯನ್ನು ಕಳೆದುಕೊಳ್ಳಬೇಡಿ ಎಂದು ಅವರಲ್ಲಿ ಬೇಡಿಕೊಳ್ಳಬೇಕೆನಿಸಿತು. ನಮ್ಮವರಲ್ಲೂ.

ಭಾನುವಾರ ನಾನು ಹಿಂದಿನ ಬೆಂಚಿನಲ್ಲಿದ್ದೆ. ಮೊದಲೇ ಹಿರಿಯರನ್ನು ಕಂಡಿರಲಿಲ್ಲವಾದ್ದರಿಂದ ಮೇಜಿಗೆ ಹೋಗುವಂತಿರಲಿಲ್ಲ. ಮುಂದಿನ ಬೆಂಚುಗಳಿಗೆ ಉದ್ದಕ್ಕೂ ಬಿಳಿ ಬಟ್ಟೆ ಹೊದಿಸಿದ್ದರು. ಬೇಲಿಯ ಪ್ರಸಂಗ ಮುಗಿದು 103ನೇ ಕೀರ್ತನೆ ಶುರುವಾಯಿತು. ವಾದ್ಯಗಳಿಲ್ಲ. ಒಬ್ಬ ಸಾಲನ್ನು ಎತ್ತಿಕೊಡುತ್ತಾನೆ, ಸಭೆಯವರು ಒಬ್ಬೊಬ್ಬರೂ ತಮ್ಮ ತಮ್ಮ ಓಟದಲ್ಲಿ, ತಮ್ಮ ತಮ್ಮ ಗಮಕದಲ್ಲಿ ಅದನ್ನು ಹಿಡಿಯುತ್ತಾರೆ. ತೆರೆಯ ಹಿಂದೆ ತೆರೆ ಬಂದು ದಂಡೆಗೆ ಬಿದ್ದಂತೆ ಆ ಹಾಡು. ಅದು ಸಾಗುತ್ತಿರುವಾಗಲೇ ಜನ ಒಬ್ಬೊಬ್ಬರಾಗಿ ಎದ್ದು ಮುಂದೆ ಹೋಗುತ್ತಾರೆ. ಅಜ್ಜ ಹೋದರು. ಅವರ ಹಿಂದೆ, ಗೋಡೆ ಹಿಡಿದುಕೊಂಡು, ತಮ್ಮ.

ನನ್ನ ಪಕ್ಕದಲ್ಲಿ ಕರಿಯ ಕೋಟಿನ ಒಬ್ಬ ಮುದುಕಿ ಕೂತಿದ್ದಳು. ಎರಡು ಕೈಯಲ್ಲೂ ಮುಂದಿನ ಬೆಂಚಿನ ಅಂಚು ಹಿಡಿದಿದ್ದಳು. ಹಾಡುವವನು ಮತ್ತೊಂದು ಸಾಲು ಎತ್ತಿದ. ಎಲ್ಲರೂ ಬಂದು ಕೂರುವ ತನಕ ಹಾಡು ನಿಲ್ಲಿಸುವುದಿಲ್ಲವಂತೆ. ಬಿಳಿ ಬಟ್ಟೆಯ ತುದಿಯಲ್ಲಿ ಇನ್ನೂ ಒಬ್ಬರಿಗೆ ಜಾಗವಿತ್ತು. ಮುದುಕಿಯ ಬೆರಳ ಗೆಣ್ಣುಗಳು ಬೆಳ್ಳಗಾದವು. ಹಾಡು ಇನ್ನೂ ಒಂದು ಸಾಲು ಮುಂದೆ ಹೋಯಿತು, ಮತ್ತೂ ಒಂದು.

ಆಮೇಲೆ ನಿಂತಿತು.