ಗಾಳಿ ತಿರುಗಿದಾಗ

ಕಣದಲ್ಲಿ ಕಾಳು ತೂರುವಾಗ ಗಾಳಿ ನೋಡಿ ನಿಲ್ತೀವಿ, ಅಲ್ವಾ? ಗಾಳಿ ತಿರುಗಿದರೆ ಹೊಟ್ಟು ಮುಖಕ್ಕೇ ಬರ್ತದೆ.

ವಿಮಾನಕ್ಕೂ ಗಾಳಿ ಮುಖ್ಯ. ಎದುರು ಗಾಳಿ ರೆಕ್ಕೆಯನ್ನು ಎತ್ತಲು ನೆರವಾಗುತ್ತದೆ. ಅದು ಥಟ್ಟನೆ ಹಿಂದಿನಿಂದ ಬೀಸಿದರೆ ಎತ್ತುವ ಬಲ ಕುಗ್ಗುತ್ತದೆ. ಆಗತಾನೇ ನೆಲ ಬಿಟ್ಟ ಸಣ್ಣ ವಿಮಾನಕ್ಕೆ ಸಾವರಿಸಿಕೊಳ್ಳಲು ಎತ್ತರ ಸಾಲದು.

ನಡೆದ ಸಂಗತಿ ಕೇಳಿ. 1996ರ ಏಪ್ರಿಲ್ 11. ಅಮೆರಿಕದ ಶಯಾನ್ ಊರು. ಗುಡುಗು, ಮಳೆ, ಅಡ್ಡಾದಿಡ್ಡಿ ಗಾಳಿ. 7 ವರ್ಷದ ಹುಡುಗಿ ಜೆಸ್ಸಿಕಾ ವಿಮಾನ ನಡೆಸಿ ದೇಶ ದಾಟಬೇಕೆಂದಿದ್ದಳು. ಜೊತೆಗೆ ಅಪ್ಪ, ವಿಮಾನ ಕಲಿಸುವ ಗುರು. ಭಾರವೂ ಹೆಚ್ಚಿತ್ತು. ಆದರೂ ಹೊರಟರು. ಏರಿದ ಸ್ವಲ್ಪ ಹೊತ್ತಿಗೇ ವಿಮಾನ ಬಿತ್ತು. ಮೂವರೂ ತೀರಿಕೊಂಡರು.

ಆ ಹವೆಯಲ್ಲಿ ಹೊರಟದ್ದೇ ತಪ್ಪು ಎಂದಿತು ತನಿಖೆ. ಹೇಳಿದ ದಿನಕ್ಕೆ ತಲುಪುವ ಆತುರವೂ ಕಾರಣವಾಗಿತ್ತು.

ಗಾಳಿ ಸರಿಯಿಲ್ಲದಾಗ ಕಾಯುವುದೇ ಜಾಣತನ.