ಮಂಗಳನ ನೆಲದ ಚಿತ್ರ

ಲೋಣಾವಳಾದ ಟೈಗರ್ ಪಾಯಿಂಟಿನಲ್ಲಿ ನಿಂತು ಕೆಳಗಣ ಕಣಿವೆಯನ್ನು ನೋಡಿದ ವಿದ್ಯಾರ್ಥಿಗಳು ನಮ್ಮಲ್ಲಿ ಹಲವರಿರಬಹುದು. ನಡುಹಗಲಿನಲ್ಲಿ ಆ ಕಣಿವೆಯು ಬಹುಮಟ್ಟಿಗೆ ಚಪ್ಪಟೆಯಾಗಿ ತೋರುವುದು. ಸೂರ್ಯನು ಪಡುವಣಕ್ಕೆ ಇಳಿದಂತೆ ಪ್ರತಿಯೊಂದು ದಿಣ್ಣೆಯೂ ನೆರಳು ಚಾಚಿ, ಉಬ್ಬುತಗ್ಗುಗಳು ಬೇರೆಬೇರೆಯಾಗಿ ಎದ್ದು ಕಾಣುವುವು. ಅನ್ಯಗ್ರಹವೊಂದನ್ನು ಸುತ್ತುತ್ತ ಅದರ ನೆಲದ ಚಿತ್ರ ತೆಗೆಯುವ ನೌಕೆಗೂ ಇದೇ ಅನುಭವ. ನಮ್ಮ ದೇಶದ ಮಂಗಳಯಾನವು ಈ ಕಾರ್ಯವನ್ನು ಹೇಗೆ ನಡೆಸಿತೆಂಬುದನ್ನು ನೋಡೋಣ.

2013ನೆಯ ನವೆಂಬರ್ 5ರಂದು ಶ್ರೀಹರಿಕೋಟೆಯಿಂದ ಹೊರಟ ಈ ನೌಕೆಯು 2014ನೆಯ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆಯನ್ನು ಸೇರಿತು. ಅದಕ್ಕೆ ಆಜ್ಞೆಗಳು ಹೋಗುತ್ತಿದ್ದುದು ಬೆಂಗಳೂರಿನಿಂದ. ಅದರ ಕ್ಷೀಣವಾದ ಧ್ವನಿಯನ್ನು ಆಲಿಸುತ್ತಿದ್ದ 32 ಮೀಟರ್ ಅಗಲದ ಆಂಟೆನಾ ಇರುವುದು ಆ ನಗರದ ಹೊರಗಣ ಬ್ಯಾಲಾಳು ಗ್ರಾಮದಲ್ಲಿ. ಆ ದಿನ ಸಂದೇಶವೊಂದು ಅಲ್ಲಿಂದ ಮಂಗಳನನ್ನು ಮುಟ್ಟಲು ಸುಮಾರು ಹನ್ನೆರಡೂವರೆ ನಿಮಿಷಗಳು ಹಿಡಿಯುತ್ತಿದ್ದುವು. ಆದುದರಿಂದ ‘ಈಗ ತೆಗೆ’ ಎಂದು ಇಲ್ಲಿಂದ ಹೇಳಿ ಫಲವಿಲ್ಲ. ಯಾವ ಗಳಿಗೆಯಲ್ಲಿ ಎತ್ತ ತಿರುಗಬೇಕು, ಎಷ್ಟು ಹೊತ್ತು ಬೆಳಕನ್ನು ಒಳಗೆ ಬಿಡಬೇಕು ಎಂಬುದನ್ನೆಲ್ಲ ನೌಕೆಯ ಗಣಕಯಂತ್ರಕ್ಕೆ ಮುಂಚಿತವಾಗಿಯೇ ತಿಳಿಸಿಡಬೇಕಾಗಿತ್ತು.

ಅಹಮದಾಬಾದಿನಲ್ಲಿ ತಯಾರಾದ ಅದರ ಕ್ಯಾಮೆರಾದ ತೂಕ ಕೇವಲ 1.27 ಕಿಲೋಗ್ರಾಂ. ಅದರೊಳಗೆ ಫಿಲ್ಮು ಇಲ್ಲ. ಸಾಲಿಗೆ 2048ರಂತೆ 2048 ಸಾಲುಗಳ ಅತಿಸೂಕ್ಷ್ಮ ಮನೆಗಳಿವೆ. ಒಂದೊಂದು ಮನೆಯೂ ತನ್ನ ಮೇಲೆ ಬಿದ್ದ ಬೆಳಕನ್ನು ಅಳೆದು ಒಂದು ಅಂಕಿಯನ್ನು ಕೊಡುವುದು. ರೇಡಿಯೋ ಮೂಲಕ ಭೂಮಿಗೆ ಬರುವುದು ಈ ಅಂಕಿಗಳೇ ಹೊರತು ಚಿತ್ರವಲ್ಲ. ಚಿತ್ರವನ್ನು ಇಲ್ಲಿ ಜೋಡಿಸಿಕೊಳ್ಳಬೇಕು. 1965ರಲ್ಲಿ ಅಮೆರಿಕದ ಮ್ಯಾರಿನರ್-4 ಮಂಗಳನ ಪಕ್ಕದಿಂದ ಹಾದುಹೋದಾಗ ಒಂದು ಚಿತ್ರದ ಅಂಕಿಗಳು ಬಂದು ಸೇರಲು ಎಂಟು ಗಂಟೆಗೂ ಹೆಚ್ಚು ಹೊತ್ತು ಬೇಕಾಯಿತು. ಕಾಯಲಾರದ ಅಲ್ಲಿಯ ತಂತ್ರಜ್ಞರು ಅಂಕಿಗಳ ಕಾಗದದ ಪಟ್ಟಿಗಳನ್ನು ಗೋಡೆಗೆ ಅಂಟಿಸಿ, ಇಂಥ ಅಂಕಿಗೆ ಇಂಥ ಬಣ್ಣವೆಂದು ಬಣ್ಣದ ಕಡ್ಡಿಗಳಿಂದ ತುಂಬಿದರು. ನಮ್ಮ ಕೆಳಗಿನ ತರಗತಿಯ ಮಕ್ಕಳೂ ಸಲೀಸಾಗಿ ಮಾಡಬಲ್ಲ ಕೆಲಸ!

ಮಂಗಳಯಾನದ ಕಕ್ಷೆಯು ಬಹಳ ಉದ್ದನೆಯ ಅಂಡಾಕಾರದ್ದು. ಒಂದು ಸುತ್ತಿಗೆ ಸುಮಾರು ಮೂರು ದಿನ. ಮೊದಮೊದಲು ಅದು ನೆಲಕ್ಕೆ 422 ಕಿ.ಮೀ.ನಷ್ಟು ಸಮೀಪ ಬಂದು, ಮತ್ತೆ 77,000 ಕಿ.ಮೀ. ದೂರ ಸರಿಯುತ್ತಿತ್ತು. ಸಮೀಪದಿಂದ ತೆಗೆದ ಚಿತ್ರದ ಒಂದು ಚುಕ್ಕೆಯು ಸುಮಾರು 20 ಮೀಟರ್ ನೆಲಕ್ಕೆ ಸಮ; ದೂರದಿಂದ ತೆಗೆದುದರಲ್ಲಿ ಸುಮಾರು 4 ಕಿ.ಮೀ.ಗೆ ಸಮ. ಕೆಳಗಿನಿಂದ ಸುತ್ತುವ ಅಮೆರಿಕದ ನೌಕೆಯೊಂದು 30 ಸೆಂಟಿಮೀಟರಿನಷ್ಟು ಸೂಕ್ಷ್ಮವನ್ನೂ ಕಂಡಿದೆ. ಆದರೂ ಈ ದೂರವೇ ನಮ್ಮ ನೌಕೆಯ ಭಾಗ್ಯವೆಂದು ನಾವು ಭಾವಿಸುತ್ತೇವೆ. ಮಂಗಳನ ವ್ಯಾಸ ಸುಮಾರು 6,800 ಕಿ.ಮೀ.; ಇಡೀ ಗೋಲವು ಒಂದೇ ಚಿತ್ರದಲ್ಲಿ ಹಿಡಿಯಿತು. ಸೆಪ್ಟೆಂಬರ್ 28ರಂದು 74,500 ಕಿ.ಮೀ. ಎತ್ತರದಿಂದ ತೆಗೆದ ಅಂಥ ಚಿತ್ರದಲ್ಲಿ ಉತ್ತರಾರ್ಧದಲ್ಲಿ ಎದ್ದ ಧೂಳಿನ ಬಿರುಗಾಳಿಯೂ ಕಂಡಿತು.

ಧೂಳು ಸಾಮಾನ್ಯ ಶತ್ರುವಲ್ಲ. 1971ರ ನವೆಂಬರಿನಲ್ಲಿ ಮ್ಯಾರಿನರ್-9 ಮಂಗಳನ ಕಕ್ಷೆಯನ್ನು ಸೇರಿದಾಗ ಗ್ರಹವೆಲ್ಲ ಧೂಳಿನಿಂದ ಮುಚ್ಚಿಹೋಗಿ, ನಾಲ್ಕು ಕಪ್ಪು ಕಲೆಗಳಷ್ಟೇ ಕಾಣುತ್ತಿದ್ದುವು. ವಾರಗಟ್ಟಲೆ ಕಾದ ಮೇಲೆ ಧೂಳು ಇಳಿಯಿತು. ಆ ಕಲೆಗಳು ಮಹಾ ಜ್ವಾಲಾಮುಖಿಗಳ ಶಿಖರಗಳಾಗಿದ್ದುವು! ಅವು ಕಾರಿದ ಲಾವಾ ಆರಿ ಆದ ಶಿಲೆಯು ಲೋಣಾವಳಾದ ಕರಿಗಲ್ಲಿನ ಜಾತಿಯದೇ.

ಇನ್ನು ನೆರಳಿನ ಲೆಕ್ಕ. ಸಮತಟ್ಟಾದ ನೆಲದಲ್ಲಿ ಸೂರ್ಯನು 45 ಅಂಶ ಮೇಲಿದ್ದರೆ ಗುಡ್ಡದ ಎತ್ತರವೂ ಅದರ ನೆರಳಿನ ಉದ್ದವೂ ಸಮ. ನೆರಳು ಹತ್ತು ಚುಕ್ಕೆಗಳಷ್ಟಿದ್ದು, ಚುಕ್ಕೆಗೆ 20 ಮೀಟರಾದರೆ, ಗುಡ್ಡ 200 ಮೀಟರ್. ಆದರೆ ಬೆಳಕು ಯಾವ ದಿಕ್ಕಿನದೆಂದು ತಿಳಿದಿರಬೇಕು. ಇಲ್ಲದಿದ್ದರೆ ಕುಳಿಯೇ ಗುಡ್ಡವಾಗಿ ಕಂಡೀತು. ಕುಳಿಯ ಚಿತ್ರವೊಂದನ್ನು ತಲೆಕೆಳಗಾಗಿ ಹಿಡಿದು ನೋಡಿರಿ.

ಆರು ತಿಂಗಳಿಗೆಂದು ಕಳುಹಿಸಿದ ಮಂಗಳಯಾನವು 2022ರವರೆಗೆ ದುಡಿದು ಮೌನವಾಯಿತು. ಅದು ಕಳುಹಿಸಿದ ಅಂಕಿಗಳು ಬ್ಯಾಲಾಳಿನಲ್ಲಿ ಭದ್ರವಾಗಿವೆ.